ಹುಳುಮನೆಯಲ್ಲಿ ಎರಡು ಸ್ಪೀಕರ್

ಹಿಪ್ಪುನೇರಳೆ ಸೊಪ್ಪನ್ನು ಬೆಳಿಗ್ಗೆ ಕೊಯ್ದು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟರೆ, ಬಿಸಿಲೇರುವ ಹೊತ್ತಿಗೆ ಅದರೊಳಗಿಂದ ಒಂದು ವಾಸನೆ ಏಳುತ್ತದೆ. ಹುಲ್ಲಿನ ವಾಸನೆಯಲ್ಲ, ಹೂವಿನದೂ ಅಲ್ಲ. ಹಾಲು ಕುಡಿದು ಮಲಗಿದ ಮಗುವಿನ ಬಾಯಿಯ ಹಾಗೆ ಸ್ವಲ್ಪ, ಮಳೆಯಲ್ಲಿ ನೆನೆದ ಮಣ್ಣಿನ ಗೋಡೆಯ ಹಾಗೆ ಸ್ವಲ್ಪ. ನನ್ನ ಬೇಸಿಗೆ ರಜೆಗಳೆಲ್ಲ ಆ ವಾಸನೆಯಲ್ಲೇ ಕಳೆದವು. ನಲ್ಲೂರಿನಲ್ಲಿ ನನ್ನ ಸೋದರಮಾವ ಹನುಮಂತರಾಯಪ್ಪನವರ ಮನೆ. ಬಸ್ಸಿಳಿದು, ಹುಣಸೆ ತೋಪಿನ ನೆರಳಲ್ಲಿ ನಡೆದು, ಹಿತ್ತಲಲ್ಲಿ ಕಾಲು ತೊಳೆದುಕೊಂಡು ಹುಳುಮನೆಯ ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡರೆ ನನಗೆ ರಜೆ ಶುರುವಾದಂತೆ.

ಹುಳುಮನೆ ಎಂದರೆ ರೇಷ್ಮೆ ಹುಳು ಸಾಕುವ ಕೋಣೆ. ಮಾವನದು ಉದ್ದನೆಯ, ಅಗಲ ಕಡಿಮೆಯ ಕಲ್ಲಿನ ಕೋಣೆ. ಮೇಲೆ ಕಲ್ಲು ಚಪ್ಪಡಿ, ಕೆಳಗೆ ಕಲ್ಲು ಹಾಸು, ಸುತ್ತ ಗಾರೆ ಗೋಡೆ. ಕಿಟಕಿಗಳು ಕೈಗೆ ಎಟುಕದಷ್ಟು ಮೇಲೆ. ಎರಡೂ ಬದಿಗೆ ಬಿದಿರಿನ ಅಟ್ಟಣೆ, ಅಟ್ಟಣೆಯ ಮೇಲೆ ಬಿದಿರು ತಟ್ಟೆಗಳು, ತಟ್ಟೆಯ ತುಂಬ ಸೊಪ್ಪು, ಸೊಪ್ಪಿನ ತುಂಬ ಹುಳು. ಹುಳು ಗೂಡು ಕಟ್ಟುವುದಕ್ಕೆಂದು ಬಿದಿರು ದಬ್ಬೆಯನ್ನು ಸುತ್ತು ಸುತ್ತಾಗಿ ಹೆಣೆದ ಚಂದ್ರಿಕೆಗಳು ಗೋಡೆಗೆ ಒರಗಿರುತ್ತಿದ್ದವು. ಬೆಳೆಯುವ ಹುಳು ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಹಗಲೂ ರಾತ್ರಿ ಮೇಯುತ್ತದೆ, ಮತ್ತು ಆ ಮೇಯುವ ಸದ್ದು ಸಣ್ಣ ಮಳೆ ಹಿಡಿದ ಹಾಗಿರುತ್ತದೆ. ಅದನ್ನು ಮೊದಲ ಸಲ ಕೇಳಿದಾಗ ನಾನು ಅಂಗಳದಲ್ಲಿ ಒಣಗಿದ್ದ ನನ್ನ ಲಂಗ ತರಲು ಓಡಿದೆನಂತೆ. ಅತ್ತೆ ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ರುಕ್ಮಿಣಮ್ಮತ್ತೆಯದು ಮಾತು ಕಡಿಮೆ, ಕೆಲಸ ಹೆಚ್ಚು. ಹುಳುಮನೆ ಅವರ ರಾಜ್ಯ. ಸ್ನಾನ ಮಾಡದೆ ಒಳಗೆ ಬರುವಂತಿಲ್ಲ, ಬೀಡಿ ಸೇದಿದ ಗಂಡಸರು ಬಾಗಿಲ ಹತ್ತಿರವೂ ಸುಳಿಯುವಂತಿಲ್ಲ, ಮುಟ್ಟಾದವರು, ಸಾವಿನ ಮನೆಗೆ ಹೋಗಿಬಂದವರು ದೂರ. ಆ ರಾಜ್ಯಕ್ಕೆ ಅವರಿಟ್ಟುಕೊಂಡಿದ್ದ ಒಬ್ಬಳೇ ಮಂತ್ರಿ ಅವರ ಮಗಳು ವನಜಾಕ್ಷಿ. ನನಗಿಂತ ಬಹಳ ಚಿಕ್ಕವಳು. ನಾನು ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ ಮಲ್ಲೇಶ್ವರದ ಶಾಲೆಯೊಂದರಲ್ಲಿ ಇತಿಹಾಸದ ಮೇಡಂ ಆಗುವ ಹೊತ್ತಿಗೆ ಅವಳಿನ್ನೂ ಎರಡು ಜಡೆಯ ಹುಡುಗಿ. ತಾಯಿಯ ಮಾತನ್ನೂ ಸೇರಿಸಿ ಅವಳೊಬ್ಬಳೇ ಆಡುತ್ತಿದ್ದಳು.

ಮಾವ ದೇವನಹಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹೊಲ ತೋಟವೆಲ್ಲ ಇದ್ದರೂ ಅವರ ಜೀವ ಇದ್ದದ್ದು ರೇಡಿಯೋ, ತಂತಿ, ಬಲ್ಬುಗಳಲ್ಲಿ. ಬೆಂಗಳೂರಿನ ದಂಡಿನ ಕಡೆಯ ಒಂದು ಆಂಗ್ಲೋ ಇಂಡಿಯನ್ ಸಂಸಾರ ಆಸ್ಟ್ರೇಲಿಯಾಕ್ಕೆ ಹೊರಟಾಗ ಅವರು ಮಾರಿದ ಸ್ಪೂಲ್ ಟೇಪ್ ರೆಕಾರ್ಡರನ್ನು ಮಾವ ತಂದರು. ಎರಡು ಚಕ್ರದ ಮೇಲೆ ಕಂದು ಬಣ್ಣದ ಟೇಪು ಸುತ್ತುವ, ಹಸುಗೂಸಿನಷ್ಟು ಭಾರದ ಪೆಟ್ಟಿಗೆ. ಊರಿನವರೆಲ್ಲ ಬಂದು ಅದರ ಮುಂದೆ ಕೆಮ್ಮಿ, ತಮ್ಮ ಕೆಮ್ಮನ್ನು ತಾವೇ ಕೇಳಿ ಹೋದರು.

ಎಪ್ಪತ್ನಾಲ್ಕರ ಮಾಗಿಯಲ್ಲಿ ಒಂದು ದಿನ ಮಾವ ಆ ಪೆಟ್ಟಿಗೆಯನ್ನು ಹುಳುಮನೆಗೆ ಹೊತ್ತೊಯ್ದು, ಅತ್ತೆಯೂ ವನಜಳೂ ಸೊಪ್ಪು ಹಾಕುತ್ತಿದ್ದಾಗ ಗುಂಡಿ ಒತ್ತಿದರು. ಹಾಡಿಸಬೇಕೆಂದು ಅವರ ಆಸೆ. ವನಜ ಹಾಡಲಿಲ್ಲ. ಮೈಕಿಗೆ ಅಣಕಿಸಿದಳು, ನಕ್ಕಳು, ಅಪ್ಪನನ್ನು ರೇಗಿಸಿದಳು, ತಾಯಿಗೆ ಏನೋ ಹೇಳುತ್ತ ಕೋಣೆಯ ಆ ಕೊನೆಗೆ ನಡೆದುಬಿಟ್ಟಳು. ಟೇಪಿನಲ್ಲಿರುವುದು ಇಷ್ಟೇ.

ಅದಾದ ಮೇಲೆ ಅವಳಿಗೆ ಕಾಮಾಲೆ ಆಯಿತು. ಹುಳು ಮೇಯುವುದನ್ನು ಮುಗಿಸುವಷ್ಟರಲ್ಲಿ ಅವಳು ಮುಗಿದುಹೋದಳು.

ನಾನು ಬಂದಾಗ ಅಂಗಳದಲ್ಲಿ ಮಣೆಗಳ ಮೇಲೆ ಗಂಡಸರು ಕೂತಿದ್ದರು. ಹುಳುಮನೆಯೊಳಗೆ ಹುಳು ಹಣ್ಣಾಗಿದ್ದವು, ಅಂದರೆ ಮೈ ಪಾರದರ್ಶಕವಾಗಿ ಗೂಡು ಕಟ್ಟಲು ಸಿದ್ಧವಾಗಿದ್ದವು. ಚಂದ್ರಿಕೆಗೆ ಆಯ್ದುಹಾಕಬೇಕು. ಮನೆಯಲ್ಲಿ ಸೂತಕ. ಸೂತಕದ ಕೈ ಸೋಕಿದ ಹುಳು ಗೂಡು ಕಟ್ಟುವುದಿಲ್ಲ, ಕಟ್ಟಿದರೂ ಆ ನೂಲು ಮನೆಗೆ ಒಳ್ಳೆಯದಲ್ಲ ಎಂದು ಹಿರಿಯರು ಹೇಳಿದರು. ಅತ್ತೆ ಎದ್ದುಬಂದು ಬಾಗಿಲಲ್ಲಿ ನಿಂತರು. "ಬಿಟ್ಬಿಡ್ರಿ ಅವನ್ನ," ಅಂದರು. "ಅವಳ ಕೈಯಲ್ಲಿ ಮೇದವು. ಕಟ್ಕೊಳ್ಳಿ ಬಿಡ್ರಿ." ಅವರು ಬೇರೆ ಯಾರನ್ನೂ ನೋಡುತ್ತಿರಲಿಲ್ಲ, ಮಾವನೊಬ್ಬರನ್ನೇ ನೋಡುತ್ತಿದ್ದರು. ಮಾವ ಹಿರಿಯರ ಮುಖ ನೋಡಿದರು. ಆಮೇಲೆ ನೆಲ ನೋಡುತ್ತ, "ಸುರೀರಿ," ಅಂದರು.

ಹುಳುಗಳನ್ನು ತಟ್ಟೆ ತಟ್ಟೆಯಾಗಿ ತಿಪ್ಪೆಗೆ ಸುರಿದರು. ಅಟ್ಟಣೆ ಬಿಚ್ಚಿದರು. ತಟ್ಟೆ, ಚಂದ್ರಿಕೆ ಎಲ್ಲ ಊರವರಿಗೆ ಹಂಚಿಹೋದವು. ಗೋಡೆಗೆ ಸುಣ್ಣ ಬಳಿದು, ಕಲ್ಲು ಹಾಸನ್ನು ಉಜ್ಜಿ ತೊಳೆದು, ಬಾಗಿಲು ಹಾಕಿದರು.

ಅತ್ತೆ ಜಗಳವಾಡಲಿಲ್ಲ. ಅಳುವುದನ್ನೂ ಬೇಗ ನಿಲ್ಲಿಸಿದರು. ಆದರೆ ಆ ದಿನದಿಂದ ಅವರು ಗಂಡನ ಕೈಗೆ ಊಟದ ತಟ್ಟೆ ಕೊಡಲಿಲ್ಲ. ಮುದ್ದೆ ತೊಳಸುತ್ತಿದ್ದರು, ಸಾರು ಮಾಡುತ್ತಿದ್ದರು, ಬಡಿಸಿ, ಮೇಲೆ ಬುಟ್ಟಿ ಮುಚ್ಚಿ, ನಡುಮನೆಯಲ್ಲಿಟ್ಟು ಹೊರಗೆ ಹೋಗಿಬಿಡುತ್ತಿದ್ದರು. ಮಾವ ಬುಟ್ಟಿ ತೆಗೆದು ಒಬ್ಬರೇ ತಿನ್ನುತ್ತಿದ್ದರು. ಕಚೇರಿಯಿಂದ ತಡವಾದರೆ ಮುದ್ದೆ ಆರಿ ಕಲ್ಲಾಗಿರುತ್ತಿತ್ತು. ನನಗೆ ಒಂದು ಸಲ ಅದನ್ನು ಬಿಸಿ ಮಾಡಿಕೊಡಬೇಕೆನಿಸಿ ಎದ್ದಾಗ ಮಾವ ಕೈಸನ್ನೆಯಲ್ಲೇ ಬೇಡವೆಂದರು.

ಆ ಬೇಸಿಗೆಯಲ್ಲಿ ಮಾವ ಧೈರ್ಯಮಾಡಿ ಟೇಪನ್ನು ನಡುಮನೆಯಲ್ಲಿ ಹಾಕಿದರು. ರೆಕಾರ್ಡರಿನ ಹೊಟ್ಟೆಯೊಳಗೇ ಅಂಗೈಯಗಲದ ಸ್ಪೀಕರು. ಅದರೊಳಗಿಂದ ವನಜ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಮಾತಾಡಿದಳು. ಅತ್ತೆ ಹೊಸಿಲ ಮೇಲೆ ನಿಂತು ಕೇಳಿದರು.

"ಇದು ನನ್ನ ಮಗಳಲ್ಲ," ಅಂದರು. "ಯಾರೋ."

ಮಾವ ನನಗೆ ಇದನ್ನು ಹೇಳಿದ್ದು ಬೆಂಗಳೂರಿನಲ್ಲಿ, ನನ್ನ ಶಾಲೆಯ ಗೇಟಿನ ಹತ್ತಿರ. ಬಿಸಿಲಲ್ಲಿ ಕೊಡೆ ಹಿಡಿದು ನನಗಾಗಿ ಕಾದಿದ್ದರು. "ಅನಸೂ, ಒಳ್ಳೇ ಸ್ಪೀಕರ್ ತಗೋಬೇಕು. ನಿನ್ನ ಕಿವಿ ಬೇಕು ನಂಗೆ, ಬಾ."

"ಮಾವ, ನನಗೆ ಅದರಲ್ಲೆಲ್ಲ ಏನು ಗೊತ್ತು?"

"ವನಜನ ದನಿ ಗೊತ್ತಲ್ಲ. ಅಷ್ಟು ಸಾಕು." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅಂದರು: "ನಿಮ್ಮತ್ತೆ ಒಂದು ಸಲ ಹೂಂ, ನನ್ನ ಮಗಳೇ ಅನ್ನಬೇಕು. ಇನ್ನೇನೂ ಬೇಡ ನಂಗೆ."

ಎಸ್.ಪಿ. ರೋಡಿನ ಗಲ್ಲಿಯೊಂದರಲ್ಲಿ ಚಿನ್ನಸ್ವಾಮಿ ಎಂಬವರ ಅಂಗಡಿ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ರಟ್ಟಿನ ಪೆಟ್ಟಿಗೆ, ತಂತಿ ಸುರುಳಿ, ಹಳೆಯ ಪರದೆ. ಚಿನ್ನಸ್ವಾಮಿ ಹಣೆಗೆ ವಿಭೂತಿ ಹಚ್ಚಿದ ದಪ್ಪನೆಯ ಮನುಷ್ಯ. ಸೊಂಟದೆತ್ತರದ ಒಂದು ಜೊತೆ ಸ್ಪೀಕರಿಗೆ ಸಿನಿಮಾ ಹಾಡು ಹಾಕಿ, ಎದೆ ಬಡಿಯುವ ಹಾಗೆ ಡೋಲು ಬಾರಿಸಿಬಿಟ್ಟರು.

"ಹೆಂಗೆ ಸಾರ್? ಹೊಟ್ಟೆ ಒಳಗೆ ಕೇಳುತ್ತಲ್ವಾ?"

"ಹೊಟ್ಟೆಗೆ ಬೇಡಪ್ಪ, ಕಿವಿಗೆ ಬೇಕು," ಅಂದರು ಮಾವ. "ರೇಡಿಯೋದಲ್ಲಿ ಹೆಂಗಸರು ಮಾತಾಡೋ ಕಾರ್ಯಕ್ರಮ ಏನಾದ್ರೂ ಬರ್ತಾ ಇದ್ರೆ ಹಾಕು."

"ಸ್ಪೀಕರ್ ತಗೊಳ್ಳೋಕೆ ಬಂದು ಅಡುಗೆ ಕಾರ್ಯಕ್ರಮ ಕೇಳೋರನ್ನ ಇವತ್ತೇ ಸಾರ್ ನೋಡಿದ್ದು."

ಆದರೂ ಹಾಕಿದರು. ಯಾರೋ ಒಬ್ಬರು ಮಾವಿನಕಾಯಿ ಉಪ್ಪಿನಕಾಯಿಯ ಬಗ್ಗೆ ಮಾತಾಡುತ್ತಿದ್ದರು. ದೊಡ್ಡ ಸ್ಪೀಕರಿನಲ್ಲಿ ಆ ಹೆಂಗಸು ಬಾವಿಯೊಳಗೆ ನಿಂತಂತಿದ್ದರು. ಇನ್ನೊಂದು ಜೊತೆಯಲ್ಲಿ ಮೂಗು ಕಟ್ಟಿದಂತೆ. ಮೂರನೆಯದು ಮೊಣಕಾಲೆತ್ತರದ, ತೇಗದ ಬಣ್ಣದ, ಮುಂದೆ ಬೂದು ಬಟ್ಟೆಯ ಜೊತೆ. ಅದರಲ್ಲಿ ಆ ಹೆಂಗಸು ಉಪ್ಪಿನಕಾಯಿಯ ಮಾತಾಡುತ್ತ ಬಾಯಲ್ಲಿ ನೀರೂರಿ ನುಂಗಿಕೊಂಡದ್ದು ಕೇಳಿಸಿತು. ಮಾವ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

"ಏನು ಕೇಳ್ತೀರಿ ಸಾರ್ ಇದರಲ್ಲಿ? ಭಜನೆಯಾ?"

"ಮಗಳು ಮಾತಾಡಿರೋ ಟೇಪ್ ಐತೆ."

"ಮಗಳು ಎಲ್ಲಿ, ಫಾರಿನ್ನಾ?"

ಮಾವ ಸ್ಪೀಕರಿನ ಬೂದು ಬಟ್ಟೆಯ ಮೇಲೆ ಕೈಯಾಡಿಸಿದರು. ಚಿನ್ನಸ್ವಾಮಿ ಅವರ ಮುಖವನ್ನು ಒಂದು ಕ್ಷಣ ನೋಡಿ ನಗು ನಿಲ್ಲಿಸಿದರು. ಒಳಗೆ ಹೋಗಿ ಹೊಸ ಆಂಪ್ಲಿಫೈಯರೊಂದನ್ನು ತಂದು ತಾವೇ ತಂತಿ ಜೋಡಿಸಿ ತೋರಿಸಿದರು. ಒಂದು ಕಾಗದದ ಮೇಲೆ ಕೋಣೆಯ ಚಿತ್ರ ಬರೆದರು. "ಇಲ್ಲೊಂದು, ಇಲ್ಲೊಂದು. ಗೋಡೆಗೆ ಅಂಟಿಸಬೇಡಿ. ಕೇಳೋರು ನಡುವೆ, ಸ್ವಲ್ಪ ಹಿಂದೆ ಕೂರಲಿ. ಸ್ಪೀಕರಿನ ಮುಖ ಅವರ ಕಿವಿಯ ಎತ್ತರಕ್ಕಿರಲಿ. ಹಳೇ ಟೇಪಾದರೆ ಹಿಂದೆ ಸೊಯ್ ಅಂತ ಸದ್ದಿರುತ್ತೆ ಸಾರ್. ಅದಕ್ಕೆ ಈ ಟ್ರೆಬಲ್ ಗುಂಡಿ ಎಡಕ್ಕೆ ತಿರುಗಿಸಿಬಿಡಿ, ಸದ್ದು ಹೋಗುತ್ತೆ." ಬಾಗಿಲವರೆಗೂ ಬಂದು ಸ್ಪೀಕರುಗಳಿಗೆ ತಮ್ಮ ಅಂಗಡಿಯ ಪರದೆಯನ್ನೇ ಸುತ್ತಿಕೊಟ್ಟರು.

ಬಸ್ಸಿನ ಕಂಡಕ್ಟರು, "ಏನು ಸಾರ್, ಅವಳಿ ಮಕ್ಕಳಾ? ಅರ್ಧ ಟಿಕೆಟ್ ಹರೀಲಾ?" ಅಂದ. ಮಾವ ನಕ್ಕರು. ಆ ವರ್ಷ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಂಡಕ್ಟರು ಹಿಂದಿನ ಸೀಟಿನವರನ್ನು ಎಬ್ಬಿಸಿ ಸ್ಪೀಕರುಗಳನ್ನು ಅಲ್ಲಿ ಕೂರಿಸಿದ.

ಮಾವ ಅವನ್ನು ನಡುಮನೆಯಲ್ಲಿ ಇಡಲಿಲ್ಲ. "ಎಲ್ಲಿ ಮಾತಾಡಿದ್ಲೋ ಅಲ್ಲೇ ಕೇಳಬೇಕು," ಎಂದು ಹುಳುಮನೆಯ ಬೀಗ ತೆಗೆದರು. ಬರೀ ಕಲ್ಲು, ಬರೀ ಸುಣ್ಣ. ನಾನು ಚಪ್ಪಲಿ ಬಿಟ್ಟ ಸದ್ದು ಆ ಕೊನೆಗೆ ಹೋಗಿ ವಾಪಸು ಬಂತು. ಮೂಗಿಗೆ ಏನೂ ಹತ್ತಲಿಲ್ಲ, ಸುಣ್ಣವೊಂದನ್ನು ಬಿಟ್ಟು.

ಮೊದಲು ಅಗಲ ಕಡಿಮೆಯ ಗೋಡೆಯ ಬದಿಗಿಟ್ಟರು. ಟೇಪು ತಿರುಗಿತು. ವನಜ ನಕ್ಕಳು, ಅವಳ ನಗು ಚಪ್ಪಡಿಗೆ ಬಡಿದು, ಎದುರು ಗೋಡೆಗೆ ಬಡಿದು, ಹತ್ತು ಹುಡುಗಿಯರು ದೇವಸ್ಥಾನದ ಪ್ರಾಕಾರದಲ್ಲಿ ನಕ್ಕ ಹಾಗೆ ಕೇಳಿಸಿತು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದರ ಮೇಲೆ ಬೀಳುತ್ತಿತ್ತು. ಸೊಯ್ ಎನ್ನುವ ಸದ್ದಂತೂ ಆ ಖಾಲಿ ಕೋಣೆಯಲ್ಲಿ ಒಲೆಗೆ ನೀರು ಹೊಯ್ದ ಹಾಗೆ. ಮಾವ ಟ್ರೆಬಲ್ ಗುಂಡಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿದರು. ಸದ್ದು ಹೋಯಿತು. ಅದರ ಜೊತೆಗೆ ವನಜಳ ಮಾತಿನ ಅಂಚುಗಳೂ ಹೋದವು. ಕಂಬಳಿ ಹೊದ್ದು ಮಾತಾಡಿದ ಹಾಗಾಯಿತು.

ಮೂಲೆಗೆ ತಳ್ಳಿದರು, ಗುಮ್ ಗುಮ್ ಎಂದಿತು. ಉದ್ದ ಗೋಡೆಯ ಮಧ್ಯಕ್ಕೆ ತಂದರು, ಎದುರು ಗೋಡೆ ತಿರುಗಿ ಹೊಡೆಯಿತು. ಅಡಿಗೆ ಗೋಣಿತಾಟು ಹಾಕಿದರು, ಒರಳುಕಲ್ಲಿನ ಮೇಲಿಟ್ಟರು, ಮುಖ ಒಳಕ್ಕೆ ತಿರುಗಿಸಿದರು, ಹೊರಕ್ಕೆ ತಿರುಗಿಸಿದರು. ಒಂದು ಜಮಖಾನ ನೇತುಹಾಕಿದರು. ಅಷ್ಟು ದೊಡ್ಡ ಕಲ್ಲಿನ ಪೆಟ್ಟಿಗೆಗೆ ಅದು ಕರವಸ್ತ್ರದ ಹಾಗಿತ್ತು. ನಾನು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದಾಗಲೆಲ್ಲ ಸ್ಪೀಕರುಗಳು ಬೇರೆ ಬೇರೆ ಜಾಗದಲ್ಲಿರುತ್ತಿದ್ದವು, ನೆಲದ ಮೇಲೆ ಸೀಮೆಸುಣ್ಣದ ಗುರುತುಗಳು ಹೆಚ್ಚಾಗುತ್ತಿದ್ದವು.

ಪಕ್ಕದ ಹೊಲದ ಗಂಗಣ್ಣ ಬಾಗಿಲಲ್ಲಿ ಇಣುಕಿ, "ಏನ್ ರಾಯಪ್ಪ, ಟೂರಿಂಗ್ ಟಾಕೀಸ್ ಹಾಕ್ತೀಯಾ? ನಂಗೊಂದು ನೆಲದ ಟಿಕೆಟ್ ಕೊಡಲಾ," ಅಂದ.

"ಹೋಗ್ಲಾ, ಕೆಲ್ಸ ನೋಡ್ಹೋಗು," ಅಂದರು ಮಾವ. ಗಂಗಣ್ಣ ಹೋಗಲಿಲ್ಲ. ಬೀಡಿಯನ್ನು ಹೊರಗೇ ಆರಿಸಿಟ್ಟು ಬಂದು, ಸ್ಪೀಕರಿನ ಇನ್ನೊಂದು ತುದಿ ಹಿಡಿದ. ಯಾಕೆ, ಏನು ಎಂದು ಕೇಳದೆ ಸಂಜೆಯವರೆಗೂ ಅವರು ಹೇಳಿದಲ್ಲಿಗೆ ಎತ್ತಿಟ್ಟ.

ಅತ್ತೆಯನ್ನು ಒಂದು ಸಲ ಕರೆದರು. ಸೀಮೆಸುಣ್ಣದ ಗುರುತಿನ ಮೇಲೆ ಮಣೆ ಹಾಕಿ ಕೂರಿಸಿದರು. ಅತ್ತೆ ಸೆರಗು ಹೊದ್ದು ಕೂತರು. ವನಜ ಗೋಡೆ ಗೋಡೆಯಿಂದ ಬಂದಳು. ಟೇಪಿನ ಕೊನೆಯಲ್ಲಿ ಅವಳು ಕೋಣೆಯ ಆ ತುದಿಗೆ ಹೋಗುತ್ತ ತಾಯಿಗೆ ಏನೋ ಹೇಳುತ್ತಾಳೆ. ಅದು ನಮಗೆ ಯಾರಿಗೂ ಎಂದೂ ಅರ್ಥವಾಗಿರಲಿಲ್ಲ, ಬರೀ ಒಂದು ಗೊಣಗು. ಅದೂ ಮುಗಿಯಿತು.

"ಏನಂತೀಯ?" ಅಂದರು ಮಾವ.

ಅತ್ತೆ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದರು. "ಖಾಲಿ ಮನೇಲಿ ಯಾರ್ ಮಾತಾಡಿದ್ರೂ ಹಿಂಗೇ. ನನ್ನ ಮಗಳು ಹಿಂಗ್ ಮಾತಾಡಿದ್ದೇ ಇಲ್ಲ," ಅಂದು ಹೊರಗೆ ಹೋದರು.

ಆಮೇಲೆ ಮಾವ ಕೆಲವು ವಾರ ಹುಳುಮನೆಗೆ ಹೋಗಲಿಲ್ಲ. ಸ್ಪೀಕರುಗಳು ಚಿನ್ನಸ್ವಾಮಿಯ ಪರದೆ ಹೊದ್ದು ಅಲ್ಲೇ ನಿಂತಿದ್ದವು.

ಮುಂಗಾರು ಹಿಡಿದ ಮೇಲೆ ಪಕ್ಕದ ಮನೆಯ ಪಾಪಮ್ಮ ಬಂದಳು. ಗಂಡ ಸತ್ತ ಮೇಲೆ ಒಬ್ಬಳೇ ಹುಳು ಸಾಕಿ ಬದುಕುತ್ತಿದ್ದ ಹೆಂಗಸು; ಗಟ್ಟಿ ಬಾಯಿ. ನಾನು ಜಗಲಿಯಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

"ರಾಯಪ್ಪಣ್ಣ, ನಾಲ್ಕನೇ ಜ್ವರ ಎದ್ದು ಕೂತವೆ ನನ್ನ ಹುಳ. ಮನೆ ತುಂಬಿ ನಾನು ಬಾಗಿಲಲ್ಲಿ ಮಲಗೋ ಹಂಗಾಗೈತೆ. ನಿಮ್ಮ ಹುಳುಮನೆ ಸುಮ್ನೆ ಬಿದ್ದೈತಲ್ಲ, ಒಂದಷ್ಟು ತಟ್ಟೆ ಇಟ್ಕೋತೀನಿ."

ಮಾವ ಗಾಬರಿಯಾದರು. "ಪಾಪಮ್ಮ, ವರ್ಷ ತುಂಬಿಲ್ಲ ಕಣಮ್ಮ. ಊರೋರು ಏನಂದಾರು? ನಿನ್ನ ಬೆಳೆ ಕೆಟ್ರೆ?"

"ಕೆಟ್ರೆ ನಂದು ಕೆಡ್ತದೆ, ಊರೋರದ್ದೇನು ಕೆಡ್ತದೆ? ಹುಳಕ್ಕೇನು ಗೊತ್ತು ಯಾರ ಮನೆ, ಯಾವ ಮನೆ ಅಂತ. ಸೊಪ್ಪಿದ್ರೆ ಮೇಯ್ತವೆ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಆ ಪೆಟ್ಟಿಗೆ ಅಲ್ಲೇ ಇರ್ಲಿ ಬಿಡಣ್ಣ. ಹಾಡು ಹಾಕಿ ನನ್ನ ಹುಳ ಕುಣಿಸಬೇಡ, ಅಷ್ಟೇಯ," ಅಂದಳು.

ಅವತ್ತೇ ಅಟ್ಟಣೆ ಎದ್ದಿತು. ಗಂಗಣ್ಣ ಗಳ ಕಟ್ಟಿದ. ಪಾಪಮ್ಮ ತಂದ ತಟ್ಟೆಗಳಲ್ಲಿ ಕೆಲವನ್ನು ನಾನು ಗುರುತು ಹಿಡಿದೆ, ಅಂಚಿಗೆ ಅತ್ತೆ ಸಗಣಿಯ ಜೊತೆ ಮೆಂತ್ಯ ಅರೆದು ಸಾರಿಸಿದ ಹಳದಿ ಗೆರೆಯಿತ್ತು. ಎರಡೂ ಬದಿಗೆ ಚಪ್ಪಡಿಯ ಹತ್ತಿರದವರೆಗೂ ತಟ್ಟೆ, ಸೊಪ್ಪು, ಗೋಡೆಯುದ್ದಕ್ಕೂ ಚಂದ್ರಿಕೆ. ಸ್ಪೀಕರುಗಳಿಗೆ ಉಳಿದದ್ದು ನಡುವಿನ ಓಣಿಯ ಎರಡು ಬದಿ, ಅಟ್ಟಣೆಯ ಕಾಲುಗಳ ನಡುವಿನ ಸಂದು ಮಾತ್ರ. ಮಾವ ಅಲ್ಲಿಗೆ ಅವನ್ನು ತಳ್ಳಿ, ಸೀಮೆಸುಣ್ಣದ ಗುರುತಿನ ಕಡೆ ನೋಡದೆ ಬಂದುಬಿಟ್ಟರು.

ಪಾಪಮ್ಮ ಸೊಪ್ಪು ತರಲು ಹೋದಾಗ ನಾನು ಅವಳ ಮನೆಗೆ ಗೋಣಿತಾಟು ಕೊಡಲು ಹೋಗಿದ್ದೆ. ಒಳಗೆ ಎರಡು ಸಾಲು ಅಟ್ಟಣೆ ಖಾಲಿಯಿತ್ತು, ಈ ಬೆಳೆಗೆ ತಟ್ಟೆಯನ್ನೇ ಇಡದ ಹಾಗೆ ಗಳದ ಮೇಲೆ ಧೂಳು ಕೂತಿತ್ತು. ಬಾಗಿಲಲ್ಲಿ ಮಲಗುವಂಥದ್ದೇನೂ ಆಗಿರಲಿಲ್ಲ. ಗೋಣಿತಾಟನ್ನು ಅಲ್ಲಿಟ್ಟು ಬಂದೆ. ಇಂದಿನವರೆಗೆ ಅದನ್ನು ಯಾರಿಗೂ ಹೇಳಿಲ್ಲ.

ಅತ್ತೆ ಮೊದಲ ದಿನ ಹುಳುಮನೆಯ ಕಡೆ ತಲೆ ಹಾಕಲಿಲ್ಲ. ಮಾರನೆಯ ದಿನ ಸ್ನಾನ ಮಾಡಿ ಬಾಗಿಲಲ್ಲಿ ನಿಂತು, "ಸೊಪ್ಪು ದಪ್ಪ ಹಾಕವ್ಳೆ, ಒಳಗೆ ಕಾವು ಕಟ್ಟುತ್ತೆ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಒಳಗೆ ಹೋದರು.

ಅದಾದ ಮೇಲಿನ ಭಾನುವಾರ. ಮಧ್ಯಾಹ್ನದ ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ಅತ್ತೆ ಕೋಣೆಯ ಆ ತುದಿಯಲ್ಲಿ ಸೊಪ್ಪು ಹಾಕುತ್ತಿದ್ದರು. ಪಾಪಮ್ಮ ಮನೆಗೆ ಹೋಗಿದ್ದಳು. ನಾನು ಬಾಗಿಲ ಹತ್ತಿರ ಕೂತು ಎಲೆಯಿಂದ ತೊಟ್ಟು ಬಿಡಿಸುತ್ತಿದ್ದೆ. ಮಾವ ಬಂದರು. ಏನು ಅನ್ನಿಸಿತೋ, ರೆಕಾರ್ಡರಿನ ಮೇಲಿನ ಬಟ್ಟೆ ತೆಗೆದು, ದನಿ ತೀರ ಸಣ್ಣದಾಗಿಟ್ಟು, ಟೇಪು ಹಾಕಿದರು. ಅತ್ತೆಗೆಂದಲ್ಲ. ತಮಗಾಗಿ ಹಾಕಿಕೊಂಡರೆಂದು ಕಾಣುತ್ತದೆ.

ನಾನು ತಲೆ ಎತ್ತಿದೆ. ವನಜ ಒಬ್ಬಳೇ ಇದ್ದಳು. ಹತ್ತು ಹುಡುಗಿಯರಿರಲಿಲ್ಲ. ಅವಳ ಮಾತು ಎಲ್ಲಿ ಹುಟ್ಟಿತೋ ಅಲ್ಲೇ ನಿಂತು, ಮುಗಿದು, ಮತ್ತೊಂದಕ್ಕೆ ದಾರಿ ಬಿಡುತ್ತಿತ್ತು. ಸೊಪ್ಪು, ತಟ್ಟೆ, ಚಂದ್ರಿಕೆಗಳ ನೂರಾರು ಸಂದು, ಎಲ್ಲವೂ ಆ ಕಲ್ಲುಗಳನ್ನು ಮುಚ್ಚಿ ಸುಮ್ಮನಾಗಿಸಿದ್ದವು. ಅವಳು ಮಾತಾಡಿದಾಗ ಈ ಕೋಣೆ ಹೀಗೇ ತುಂಬಿತ್ತಲ್ಲವೇ ಎಂದು ನನಗೆ ಆಗ ಹೊಳೆಯಿತು. ಮಾವನಿಗೂ ಹೊಳೆದಿರಬೇಕು. ಅವರು ತಲೆಯೆತ್ತಿ ತಟ್ಟೆಗಳ ಸಾಲನ್ನು ಒಂದೊಂದಾಗಿ ನೋಡುತ್ತಿದ್ದರು.

ಆದರೂ ಕಂಬಳಿ ಹೊದ್ದ ದನಿಯೇ. ಅತ್ತೆ ಸೊಪ್ಪು ಹಾಕುವುದನ್ನು ನಿಲ್ಲಿಸಿದ್ದರು. ತಿರುಗಿ ನೋಡದೆ ಕೇಳಿದರು: "ಅದ್ರ ಬಾಯಿ ಯಾಕೆ ಮುಚ್ಚಿದ್ದೀರ?"

"ಏನು?"

"ಏನೋ ಮುಚ್ಚಿದ್ದೀರ. ಬಿಡ್ರಿ."

"ಸೊಯ್ ಅಂತ ಸದ್ದು ಬತ್ತದೆ ಅಂತ ಈ ಗುಂಡಿ..."

"ಬರ್ಲಿ, ಬಿಡ್ರಿ."

ಮಾವ ಟ್ರೆಬಲ್ ಗುಂಡಿಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದರು. ಆ ಸೊಯ್ ಎನ್ನುವ ಸದ್ದು ಎದ್ದುಬಂತು. ಬಂದ ಹಾಗೇ ಕೋಣೆಯಲ್ಲಿದ್ದ ಸದ್ದಿನೊಳಗೆ ಸೇರಿಹೋಯಿತು. ಯಾವುದು ತಟ್ಟೆಯದು, ಯಾವುದು ಟೇಪಿನದು ಎಂದು ನನಗೆ ತಿಳಿಯದಾಯಿತು. ಸಣ್ಣ ಮಳೆ. ಒಂದು ಬೇಸಿಗೆಯುದ್ದ ನಾವು ಕೆಟ್ಟ ಸದ್ದೆಂದು ತೆಗೆಯಲು ಹೊರಟಿದ್ದು ಹುಳು ಮೇಯುವ ಸದ್ದಾಗಿತ್ತು.

ಅತ್ತೆಯ ಕೈಯಿಂದ ಸೊಪ್ಪು ಜಾರಿತು. ಅವರು ಓಣಿಯಲ್ಲಿ ನಡೆದು ಬಂದು ಎರಡು ಸ್ಪೀಕರುಗಳ ನಡುವೆ ನೆಲದ ಮೇಲೆ ಕೂತರು.

ಟೇಪಿನಲ್ಲಿ ವನಜ ಅಪ್ಪನನ್ನು ರೇಗಿಸಿದಳು. "ಅಪ್ಪ, ಹುಳದ ಹಾಡು ಹಿಡ್ಕೊಳ್ಳಪ್ಪ, ನಂದೇನು ಹಿಡೀತೀಯ," ಅಂದಳು. ನಕ್ಕಳು. ಆಮೇಲೆ ಕೋಣೆಯ ಆ ತುದಿಗೆ ನಡೆದಳು. ಅವಳ ಕಾಲ ಗೆಜ್ಜೆ ದೂರವಾಯಿತು. ಇಷ್ಟು ದಿನ ಗೊಣಗಾಗಿದ್ದ ಮಾತು, ದೂರದಿಂದ, ಸಣ್ಣಗೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು:

"ಅಮ್ಮ, ನೀನು ಹೋಗಿ ಅಪ್ಪಂಗೆ ಊಟಕ್ಕಿಕ್ಕು. ಇಲ್ಲೇನೈತೆ, ನಾನು ಸೊಪ್ಪು ಹಾಕ್ತೀನಿ. ಈ ಮಿಷನ್ ಮುಂದೆ ಕೂತ್ರೆ ಅಪ್ಪಂಗೆ ಹಸಿವೂ ಗೊತ್ತಾಗಲ್ಲ."

ಟೇಪು ಮುಗಿದು ಚಕ್ರ ಪಟ್ ಪಟ್ ಎಂದು ತಿರುಗುತ್ತಲೇ ಇತ್ತು. ಮಾವ ಅದನ್ನು ನಿಲ್ಲಿಸಬೇಕೆಂಬುದನ್ನೂ ಮರೆತರು. ನಾನೇ ಎದ್ದು ಗುಂಡಿ ಒತ್ತಿದೆ. ತಟ್ಟೆಯ ಹುಳು ಮೇಯುತ್ತಲೇ ಇದ್ದವು.

"ಇದ್ರಾಗೆ ಮೇಯ್ತಾ ಇರೋ ಹುಳ," ಅಂದು ಅತ್ತೆ ರೆಕಾರ್ಡರಿನ ಕಡೆ ಗಲ್ಲ ಎತ್ತಿದರು. "ಅವೇ ಅಲ್ವಾ ನೀವು ತಿಪ್ಪೆಗೆ ಸುರಿಸಿದ್ದು?"

"ಹೂಂ," ಅಂದರು ಮಾವ. "ಅವೇ."

"ನಾನು ಬೇಡ ಅಂದೆ."

"ಹೂಂ. ಅಂದೆ."

ತಪ್ಪಾಯಿತು ಎಂದಾಗಲಿ, ಹಿರಿಯರು ಹೇಳಿದರು ಎಂದಾಗಲಿ ಮಾವ ಹೇಳಲಿಲ್ಲ. ಹೆಗಲ ಮೇಲಿನ ಟವಲನ್ನು ಮುಖಕ್ಕೆ ಒತ್ತಿಕೊಂಡರು. ಅವರ ಬೆನ್ನು ಅಲುಗುತ್ತಿತ್ತು, ಸದ್ದು ಬರಲಿಲ್ಲ. ಅತ್ತೆ ಅವರನ್ನು ನೋಡುತ್ತ ಕೂತಿದ್ದರು. ನನ್ನ ಮಗಳೇ ಇವಳು ಎಂಬ ಮಾತನ್ನು ಅವರೂ ಆಡಲಿಲ್ಲ. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದರು. ಬಿದ್ದಿದ್ದ ಸೊಪ್ಪನ್ನು ಹೆಕ್ಕಿ, ಅರ್ಧ ಬಿಟ್ಟಿದ್ದ ತಟ್ಟೆಗೆ ಹರಡಿ ಮುಗಿಸಿ, ಹೊರಗೆ ಹೋದರು. ಮಾವ ಟವಲಿನಿಂದ ಮುಖ ತೆಗೆದು ಖಾಲಿ ಬಾಗಿಲನ್ನು ನೋಡಿದರು. "ಹೋದ್ಲಾ?" ಅಂದರು. ಅವರು ರೆಕಾರ್ಡರಿಗೆ ಮತ್ತೆ ಬಟ್ಟೆ ಹೊದಿಸಿ, ಅದರ ಅಂಚನ್ನು ಸರಿಮಾಡುತ್ತ ಅಲ್ಲೇ ಕೂತರು.

ಹಿತ್ತಲ ಕಡೆಯಿಂದ ಕಾಲು ತೊಳೆದುಕೊಳ್ಳುವ ನೀರಿನ ಸದ್ದು ಕೇಳಿಸಿತು. ಅತ್ತೆ ಬಾಗಿಲಲ್ಲಿ ಕಂಡರು. ಕೈಯಲ್ಲಿ ಊಟದ ತಟ್ಟೆ. ಹಬೆಯಾಡುವ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು, ಅಂಚಿಗೆ ಒಂದು ಈರುಳ್ಳಿ ಚೂರು. ಹುಳುಮನೆಯೊಳಗೆ ಅನ್ನದ ತಟ್ಟೆ ತರಬಾರದೆಂದು ನಮಗೆಲ್ಲ ಬುದ್ಧಿ ಹೇಳಿದವರು ಅವರೇ. ಮೇಲೆ ಬುಟ್ಟಿ ಮುಚ್ಚಿರಲಿಲ್ಲ.

ಓಣಿಯಲ್ಲಿ ನಡೆದು ಬಂದು ಅವರು ಅದನ್ನು ನೆಲದ ಮೇಲಿಡಲಿಲ್ಲ. ಮಾವ ಕೈ ಚಾಚುವವರೆಗೂ ಹಿಡಿದು ನಿಂತಿದ್ದು, ಆ ಕೈಗೆ ಕೊಟ್ಟರು.